ಬೆಲ್ಲ ತಿಂದರೆ ಎದೆಯ ಧೂಳು ಹೋಗುತ್ತಾ ಡಾಕ್ಟ್ರೇ?

ಹೋದ ಸಂಚಿಕೆಯಲ್ಲಿ ಒಂದು ಸಣ್ಣ ಮಾತು ಬರೆದಿದ್ದೆ. ಡಾಕ್ಟರ ಮುಂದೆ ಕೂತಾಗ ಎಲ್ಲಿ ನೋವು ಅನ್ನುವುದರ ಜೊತೆಗೆ ಏನು ಕೆಲಸ ಮಾಡುತ್ತೀರಿ, ಎಷ್ಟು ವರ್ಷದಿಂದ ಅನ್ನುವುದನ್ನೂ ಹೇಳಿ, ಅವರು ಕೇಳದಿದ್ದರೂ ಹೇಳಿ ಅಂತ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ, ಆರನ್ನು ಆರಿಸಿಕೊಂಡಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ. ಎಷ್ಟೋ ಜನ ಎಲ್ಲಿ ಕೆಲಸ ಹೋಗುತ್ತದೋ ಅಂತ ಹೆದರಿಕೊಂಡೇ ಬರೆದಿದ್ದಾರೆ.

ಪ್ರಶ್ನೆ: ನಮ್ಮ ಮನೆಯವರು ಹನ್ನೆರಡು ವರ್ಷದಿಂದ ಗ್ರಾನೈಟ್ ಕಟಿಂಗ್, ಪಾಲಿಶ್ ಕೆಲಸ ಮಾಡ್ತಾರ. ದಿನಾ ಸಂಜಿಗೆ ಮಾಲೀಕರು ಎಲ್ಲರಿಗೂ ಒಂದೊಂದು ತುಂಡು ಬೆಲ್ಲ ಕೊಡ್ತಾರ, ಧೂಳೆಲ್ಲ ಇಳಿದು ಹೋಗ್ತದ ಅಂತ. ಈಗ ಎರಡು ವರ್ಷದಿಂದ ಕೆಮ್ಮು, ಮೆಟ್ಟಿಲು ಹತ್ತಿದ್ರ ದಮ್ಮು. ಟಿಬಿ ಅಂತ ಆರು ತಿಂಗಳು ಗುಳಿಗಿ ತಗೊಂಡ್ರು, ಕಡಿಮಿ ಆಗ್ಲಿಲ್ಲ. ಬೆಲ್ಲ ಇನ್ನೂ ಜಾಸ್ತಿ ತಿನ್ನಬೇಕೇನ್ರಿ?
— ಇಳಕಲ್‌ನ ಓದುಗರು

ಉತ್ತರ: ಬೇಡ ತಾಯಿ. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಕೂತಿರುವುದು ಶ್ವಾಸಕೋಶದಲ್ಲಿ. ಎರಡರ ದಾರಿಯೂ ಗಂಟಲಲ್ಲೇ ಬೇರೆಯಾಗುತ್ತದೆ. ಗಂಟಲಿಗೆ ಅಂಟಿದ ಧೂಳು ಬೆಲ್ಲದ ಜೊಲ್ಲಿನ ಜೊತೆ ಸ್ವಲ್ಪ ಇಳಿಯುತ್ತದೆ, ಅದಕ್ಕೇ ಹಿತ ಅನ್ನಿಸುತ್ತದೆ, ಅಷ್ಟೇ. ಲಖನೌದ ಸಂಶೋಧಕರು ಇಲಿಗಳಿಗೆ ಬೆಲ್ಲ ತಿನ್ನಿಸಿ ನೋಡಿದ್ದರು. ಸ್ವಲ್ಪ ಲಾಭ ಕಂಡಿತು ಅಂತ 1994ರಲ್ಲಿ ಪ್ರಕಟಿಸಿದರು. ಸುಳ್ಳಲ್ಲ ಅದು. ಆದರೆ ಆ ಇಲಿಗಳು ಹನ್ನೆರಡು ವರ್ಷ ಕಲ್ಲು ಕೊಯ್ದಿರಲಿಲ್ಲ ಅಲ್ವಾ?

ರೋಗಿಯನ್ನು ನೋಡದೆ ಇದೇ ರೋಗ ಅಂತ ಹೇಳಬಾರದು. ಆದರೂ ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಬಂದ ಅನುಮಾನ ಸಿಲಿಕೋಸಿಸ್. ಗ್ರಾನೈಟ್‌ನಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಬೆಣಚುಕಲ್ಲು ಇರುತ್ತದೆ. ಅದೇ ಸಿಲಿಕಾ. ಕೊಯ್ಯುವಾಗ ಮೈಮೇಲೆ ಬೆಳ್ಳಗೆ ಕೂರುವ ಧೂಳು ಅಷ್ಟು ಕೆಟ್ಟದ್ದಲ್ಲ, ಅದು ಮೂಗಿನಲ್ಲೇ ನಿಲ್ಲುತ್ತದೆ. ಕಣ್ಣಿಗೆ ಕಾಣದ ಪುಡಿ ಇದೆಯಲ್ಲ, ಕೂದಲೆಳೆಯ ದಪ್ಪದಲ್ಲಿ ಹತ್ತನೇ ಒಂದು ಪಾಲೂ ಇಲ್ಲದ್ದು, ಅದು ಶ್ವಾಸಕೋಶದ ತಳದವರೆಗೆ ಹೋಗುತ್ತದೆ. ಅಲ್ಲಿ ಕಾವಲಿಗಿರುವ ಜೀವಕೋಶಗಳು ಅದನ್ನು ನುಂಗುತ್ತವೆ, ನುಂಗಿ ಸಾಯುತ್ತವೆ. ಸತ್ತ ಕಡೆಯೆಲ್ಲ ಗಾಯ ಮಾಗಿದ ಹಾಗೆ ಗಂಟು ಕಟ್ಟುತ್ತದೆ. ಕೆಲಸ ಬಿಟ್ಟ ಮೇಲೂ ಇದು ಮುಂದುವರಿಯಬಹುದು. ವಾಪಸ್ ಸರಿಮಾಡುವ ಔಷಧಿ ಇಲ್ಲ. ಇದನ್ನು ಬರೆಯೋದು ನನಗೂ ಕಷ್ಟವೇ, ಆದರೆ ಮುಚ್ಚಿಟ್ಟರೆ ನೀವು ಬೆಲ್ಲಕ್ಕೇ ದುಡ್ಡು ಹಾಕ್ತೀರಿ.

ಟಿಬಿ ವಿಷಯ. ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಂಡು ಡಾಕ್ಟರೇ ಮೋಸ ಹೋಗುವುದುಂಟು. ಸಿಲಿಕಾ ಹೊಕ್ಕ ಎದೆಗೆ ಟಿಬಿ ಬೇಗ ಹತ್ತುತ್ತದೆ ಕೂಡ, ಅಂದರೆ ಎರಡೂ ಒಟ್ಟಿಗೇ ಇರಬಹುದು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ನಂಥ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೆ ಹೋಗಿ. ಹಳೆಯ ಎಕ್ಸ್‌ರೇಗಳೆಲ್ಲ ಜೊತೆಗಿರಲಿ. ‘ಹನ್ನೆರಡು ವರ್ಷ ಕಲ್ಲು ಕೊಯ್ದಿದ್ದಾರೆ’ ಅನ್ನುವುದನ್ನು ಬಾಯಲ್ಲಿ ಹೇಳಿದರೆ ಸಾಲದು, ಚೀಟಿಯಲ್ಲಿ ಬರೆಸಿ. ಕಫ ಪರೀಕ್ಷೆಯೂ ಆಗಬೇಕು, ಊದಿಸಿ ನೋಡುವ ಪರೀಕ್ಷೆಯೂ ಆಗಬೇಕು. ಬೀಡಿ ಇದ್ದರೆ ಇವತ್ತೇ ಬಿಡಿಸಿ.

ಸಿಲಿಕೋಸಿಸ್ ಅಂತ ಗೊತ್ತಾದರೆ ಅದು ಕೆಲಸದಿಂದ ಬಂದ ರೋಗ, ಕಾನೂನಿನ ಪಟ್ಟಿಯಲ್ಲೇ ಇದೆ, ಪರಿಹಾರ ಕೇಳಬಹುದು. ನಮ್ಮಲ್ಲಿ ಇದೇನೂ ಹೊಸದಲ್ಲ. ಕೆಜಿಎಫ್ ಗಣಿ ಕಾರ್ಮಿಕರ ಸಲುವಾಗಿ ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮಗಳನ್ನು ಮಾಡಿತ್ತು. ಆದರೆ ಪರಿಹಾರ ಕೇಳಲು ಹೋದರೆ ‘ಇವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’ ಅನ್ನುವ ಮಾತು ಮೊದಲು ಬರುತ್ತದೆ. ಹಾಜರಿ ಪುಸ್ತಕದ ಫೋಟೋ, ಫೋನ್‌ಪೇಯಲ್ಲಿ ಬಂದ ಸಂಬಳ, ಜೊತೆಗೆ ಕೆಲಸ ಮಾಡಿದವರ ಫೋನ್ ನಂಬರ್, ಇವನ್ನೆಲ್ಲ ಈಗಲೇ ಜೋಪಾನ ಮಾಡಿ.

ಮಾಲೀಕರು ಈ ಪುಟ ಓದುತ್ತಿದ್ದರೆ ಅವರಿಗೂ ಒಂದು ಮಾತು. ದೊಡ್ಡ ಬ್ಲೇಡಿಗೆ ನೀರು ಬಿಡ್ತೀರಿ, ಯಾಕಂದ್ರೆ ಇಲ್ಲದಿದ್ದರೆ ಬ್ಲೇಡ್ ಹಾಳಾಗುತ್ತದೆ. ಅಂಚು ಉಜ್ಜುವ ಕೈ ಗ್ರೈಂಡರಿಗೆ ನೀರು ಬಿಡುವುದಿಲ್ಲ. ಅಲ್ಲಿ ಹಾಳಾಗುವುದು ಆಳು. ಗ್ರೈಂಡರಿಗೂ ಒಂದು ಸಣ್ಣ ನೀರಿನ ಪೈಪ್ ಕಟ್ಟಿ, ಕರೆಂಟ್ ಹೊಡೆಯದ ಹಾಗೆ ಗಾಳಿಯಿಂದ ಓಡುವ ಗ್ರೈಂಡರ್ ತನ್ನಿ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಈ ಪುಡಿ ನಿಲ್ಲುವುದಿಲ್ಲ. ಎನ್95 ಮಾಸ್ಕ್ ನಿಲ್ಲಿಸುತ್ತದೆ, ಆದರೆ ಬಾಗಲಕೋಟೆಯ ಏಪ್ರಿಲ್ ಬಿಸಿಲಲ್ಲಿ ಎಂಟು ಗಂಟೆ ಅದನ್ನು ಹಾಕಿಕೊಂಡು ಕಲ್ಲು ಉಜ್ಜಿ ಅನ್ನುವವರು ಮೊದಲು ತಾವು ಒಂದು ಗಂಟೆ ಹಾಕಿಕೊಂಡು ಕೂರಲಿ. ಧೂಳು ಗಾಳಿಗೆ ಏಳದ ಹಾಗೆ ಮಾಡುವುದು ಮೊದಲು, ಮಾಸ್ಕ್ ಆಮೇಲೆ.

ಪ್ರಶ್ನೆ: ಸರ್, ವೆಲ್ಡಿಂಗ್ ಶಾಪ್‌ನಲ್ಲಿ ಹೆಲ್ಪರ್. ರಾತ್ರಿ ಮಲಗಿದ ಮೇಲೆ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿ, ನೀರು ಸುರಿಯುತ್ತೆ. ಮೆಡಿಕಲ್ ಶಾಪ್‌ನವರು ಕೊಟ್ಟ ಡ್ರಾಪ್ಸ್ ಹಾಕಿದ್ರೆ ಎರಡು ನಿಮಿಷದಲ್ಲಿ ಮಾಯ. ಆಮೇಲೆ ಜಿಐ ಪೈಪ್ ಕೆಲಸ ಮಾಡಿದ ದಿನ ಸಂಜೆ ಚಳಿಜ್ವರ ಬರುತ್ತೆ, ಬೆಳಿಗ್ಗೆ ಸರಿಹೋಗುತ್ತೆ. ಮೇಸ್ತ್ರಿ ಹಾಲು ಕುಡಿ ಅಂತಾರೆ.
— ತುಮಕೂರು

ಉತ್ತರ: ಆ ಡ್ರಾಪ್ಸ್ ಇವತ್ತೇ ಬಿಸಾಕಿ. ಎರಡು ನಿಮಿಷದಲ್ಲಿ ನೋವು ಮಾಯ ಆಗುತ್ತದೆ ಅಂದರೆ ಅದು ಕಣ್ಣನ್ನು ಮರಗಟ್ಟಿಸುವ ಔಷಧಿ ಇರಬೇಕು. ಆಪರೇಷನ್ ಮಾಡುವಾಗ ಡಾಕ್ಟರ್ ಒಂದೆರಡು ಹನಿ ಹಾಕುವಂಥದ್ದು. ದಿನಾ ಹಾಕಿಕೊಂಡರೆ ಕಪ್ಪುಗುಡ್ಡೆಯ ಮೇಲಿನ ಪೊರೆ ಮಾಗುವುದೇ ಇಲ್ಲ, ಹುಣ್ಣಾಗುತ್ತದೆ, ದೃಷ್ಟಿಯೂ ಹೋಗಬಹುದು. ನಿಮಗಾಗಿರುವುದು ವೆಲ್ಡಿಂಗ್ ಬೆಳಕಿನ ಸುಟ್ಟಗಾಯ. ಆರರಿಂದ ಹನ್ನೆರಡು ಗಂಟೆ ಬಿಟ್ಟು ಗೊತ್ತಾಗುತ್ತದೆ, ಅದಕ್ಕೇ ರಾತ್ರಿ. ಕತ್ತಲೆ ಕೋಣೆ, ತಣ್ಣೀರು ಬಟ್ಟೆ, ನೋವಿನ ಮಾತ್ರೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ. ಹೋಗದಿದ್ದರೆ ಕಣ್ಣಿನ ಡಾಕ್ಟರ್. ಕಣ್ಣಿಗೆ ಎದೆಹಾಲು ಹಾಕುವುದು ಬೇಡ.

ವೆಲ್ಡರ್ ಕೈಯಲ್ಲಿ ಶೀಲ್ಡ್ ಇರುತ್ತದೆ. ಪೈಪ್ ಹಿಡಿದುಕೊಂಡು ಮುಖ ಆ ಕಡೆ ತಿರುಗಿಸಿ ನಿಲ್ಲುವ ಹೆಲ್ಪರ್‌ಗೆ ಏನೂ ಇರುವುದಿಲ್ಲ, ಪಕ್ಕದ ಗೋಡೆಗೆ ಬಡಿದ ಬೆಳಕೂ ಅವನ ಕಣ್ಣಿಗೇ ಬರುತ್ತದೆ. ನಿಮಗೂ ಒಂದು ಶೀಲ್ಡ್ ಕೇಳಿ. ಫುಟ್‌ಪಾತ್‌ನ ಕೂಲಿಂಗ್ ಗ್ಲಾಸ್ ನಡೆಯುವುದಿಲ್ಲ.

ಜ್ವರ ಬರುವುದು ಜಿಐ ಪೈಪ್ ಮೇಲಿನ ಸತುವಿನ ಹೊಗೆಯಿಂದ. ಭಾನುವಾರ ರಜೆ ಮುಗಿಸಿ ಸೋಮವಾರ ಬಂದಾಗ ಜಾಸ್ತಿ ಕಾಡುತ್ತದೆ, ಗಮನಿಸಿ ನೋಡಿ. ಹಾಲು ಕುಡಿಯಿರಿ, ಮೈಗೆ ಒಳ್ಳೆಯದು, ಆದರೆ ಹೊಗೆಗೆ ಅದು ಔಷಧಿ ಅಲ್ಲ. ಬೆಲ್ಲದ ಕಥೆಯೇ ಇದು, ಬೆಲ್ಲದ ಜಾಗದಲ್ಲಿ ಹಾಲು ಅಷ್ಟೇ. ವೆಲ್ಡ್ ಮಾಡುವ ಜಾಗದ ಲೇಪವನ್ನು ಮೊದಲು ಕೆರೆದು ತೆಗೆಯಿರಿ, ಶಟರ್ ಒಳಗೆ ಮಾಡಬೇಡಿ, ಹೊಗೆ ಮುಖಕ್ಕೆ ಬಾರದೆ ಆಚೆ ಹೋಗುವ ಹಾಗೆ ಗಾಳಿಗೆ ನಿಲ್ಲಿ. ವೆಲ್ಡಿಂಗ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬರೀ ಜ್ವರ ಅಂತ ಸುಮ್ನೆ ಇರಬೇಡಿ.

ಪ್ರಶ್ನೆ: ಮೇಡಂ ಅಥವಾ ಸರ್, ಯಾರು ಓದ್ತೀರೋ ಗೊತ್ತಿಲ್ಲ. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಿಗ್ಗೆಯಿಂದ ನೀರು ಕುಡಿಯಲ್ಲ, ಕುಡಿದ್ರೆ ಬಾತ್ರೂಮಿಗೆ ಹೋಗಬೇಕು, ಹೋದ್ರೆ ಟಾರ್ಗೆಟ್ ಆಗಲ್ಲ, ಸೂಪರ್‌ವೈಸರ್ ಎಲ್ಲರ ಮುಂದೆ ಬೈತಾರೆ. ಮೂರನೇ ಸಲ ಉರಿಮೂತ್ರ ಆಗಿದೆ. ನನ್ನ ಮೈಯೇ ಸರಿ ಇಲ್ವಾ?
— ಮೈಸೂರು ರಸ್ತೆ, ಬೆಂಗಳೂರು

ಉತ್ತರ: ನಿಮ್ಮ ಮೈ ಸರಿಯಾಗೇ ಇದೆ. ಮೂತ್ರ ಹೊರಗೆ ಹೋಗುತ್ತಾ ಇದ್ದರೆ ಕ್ರಿಮಿಯೂ ತೊಳೆದುಕೊಂಡು ಹೋಗುತ್ತದೆ. ಕಟ್ಟಿಕೊಂಡು ಕೂತರೆ ಅಲ್ಲೇ ಬೆಳೆಯುತ್ತದೆ. ನೀವು ಬರೆದಿರುವ ದಿನಚರಿಯಲ್ಲಿ ಯಾರಿಗೇ ಆದರೂ ಉರಿಮೂತ್ರ ಬರುತ್ತದೆ. ಈ ಸಲ ಮೂತ್ರದ ಕಲ್ಚರ್ ಟೆಸ್ಟ್ ಮಾಡಿಸಿ, ಮಾತ್ರೆ ಪೂರ್ತಿ ಮುಗಿಸಿ. ಜ್ವರ, ನಡುಕ, ಪಕ್ಕೆ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಕಿಡ್ನಿವರೆಗೆ ಹೋಗಿರಬಹುದು. ಸಕ್ಕರೆ ಕಾಯಿಲೆ ಇದೆಯಾ ಅಂತಲೂ ನೋಡಿಸಿ.

ಇಎಸ್‌ಐ ಆಸ್ಪತ್ರೆಯಲ್ಲಿ ಕ್ಯೂ ಅಂತ ಕೈಯಿಂದ ದುಡ್ಡು ಹಾಕಿ ಪ್ರೈವೇಟ್‌ಗೆ ಹೋಗ್ತೀರಿ, ಎಲ್ಲರೂ ಹಾಗೇ. ನೂರು ರೂಪಾಯಿ ಸಂಬಳಕ್ಕೆ ನಿಮ್ಮದು 75 ಪೈಸೆ, ಕಂಪನಿಯದು 3 ರೂಪಾಯಿ 25 ಪೈಸೆ ಪ್ರತಿ ತಿಂಗಳು ಅಲ್ಲಿಗೆ ಹೋಗುತ್ತಿದೆ. ಅಲ್ಲಿಯ ಡಾಕ್ಟರ್ ರಜೆ ಚೀಟಿ ಬರೆದರೆ, ಕಂತು ಸರಿಯಾಗಿ ಕಟ್ಟಿದ್ದರೆ, ಸಂಬಳದ ನೂರಕ್ಕೆ 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಇನ್ನೂ ಒಂದು ಉಪಯೋಗ ಇದೆ: ಮೂರು ಸಲ ಆದದ್ದು ಮೂರೂ ಸಲ ಅಲ್ಲಿ ದಾಖಲಾಗಿದ್ದರೆ ನಾಳೆ ನೀವು ಮಾತಾಡುವಾಗ ಕೈಯಲ್ಲಿ ಕಾಗದ ಇರುತ್ತದೆ.

ಬೈಯುವವರ ವಿಷಯ. ಒಬ್ಬರೇ ಹೋಗಿ ಕೇಳಬೇಡಿ. ಲೈನಿನ ಹತ್ತು ಜನ ಸೇರಿ ಕಾರ್ಖಾನೆಯ ಕಮಿಟಿಗೆ ಬರೆದು ಕೊಡಿ, ಬಾತ್ರೂಮ್ ಎಷ್ಟಿವೆ ಎಣಿಸಿ ಬರೆಯಿರಿ. ಕಾರ್ಖಾನೆ ನಿಯಮಗಳಲ್ಲಿ 25 ಹೆಂಗಸರಿಗೆ ಒಂದರಂತೆ ಅಂತ ಲೆಕ್ಕ ಇಟ್ಟಿರುವುದು ಗೋಡೆ ಅಂದಕ್ಕಲ್ಲ. ನೀರಂತೂ ಬಿಡಬೇಡಿ.

ಪ್ರಶ್ನೆ: ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ, ಕತ್ತು ನೋವು. ಯಾವ ಕುರ್ಚಿ ಕೊಳ್ಳಲಿ?

ಉತ್ತರ: ಕುರ್ಚಿ ಆಮೇಲೆ. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಪರದೆ ಕಣ್ಣಿನ ಮಟ್ಟಕ್ಕೆ ತನ್ನಿ, ಬೇರೆ ಕೀಬೋರ್ಡ್ ಹಾಕಿ, ಅರ್ಧ ಗಂಟೆಗೊಮ್ಮೆ ಏಳಿ. ಕೈ ಜೋಮು ಹಿಡಿದರೆ ಮಾತ್ರ ಡಾಕ್ಟರ್.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೆ ನಾನು ಕಾರ್ಯದರ್ಶಿ. ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಟ್ಯಾಂಕ್ ಕ್ಲೀನ್ ಮಾಡಿಸಬೇಕು. ಕಂಟ್ರಾಕ್ಟರ್ ಇಬ್ಬರು ಹುಡುಗರನ್ನು ಇಳಿಸ್ತೀನಿ ಅಂದಿದ್ದಾರೆ. ನಾವು ಮಾಸ್ಕ್, ಗ್ಲೌಸ್ ಕೊಟ್ಟರೆ ಸಾಕಾ? ದೀಪ ಇಳಿಸಿ ನೋಡಿದರೆ ಗ್ಯಾಸ್ ಗೊತ್ತಾಗುತ್ತಂತೆ ಹೌದಾ?
— ಬೆಂಗಳೂರು

ಉತ್ತರ: ಇಳಿಸಬೇಡಿ. ಈ ಪತ್ರಕ್ಕೆ ಮಾತ್ರ ನಾನು ಫೋನ್ ಮಾಡಿಯೇ ಉತ್ತರ ಹೇಳಿದೆ, ಪತ್ರಿಕೆ ಬರುವವರೆಗೆ ಕಾಯಲಿಲ್ಲ.

ಆ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಕೊಳೆತ ಮೊಟ್ಟೆಯ ವಾಸನೆಯದು. ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಸ್ವಲ್ಪ ಇದ್ದಾಗ ನಾರುತ್ತದೆ, ಜಾಸ್ತಿಯಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ಒಳಗಿಳಿದವನು ‘ವಾಸನೆ ಹೋಯ್ತು ಸಾರ್’ ಅಂದರೆ ಅದು ಒಳ್ಳೆಯ ಸುದ್ದಿ ಅಲ್ಲ. ಕೆಸರು ಕಲಕಿದ ಕ್ಷಣ ಗ್ಯಾಸ್ ಒಂದೇ ಸಲ ಮೇಲೇಳುತ್ತದೆ, ಎರಡು ಉಸಿರಿಗೆ ಆಳು ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಪೇಪರಲ್ಲಿ ಇಬ್ಬರು, ಮೂವರು ಅಂತ ಬರುವುದು ಯಾಕೆ ಅಂದುಕೊಂಡಿರಿ?

ನೀವು ಕೊಡುವ ಮಾಸ್ಕ್ ಧೂಳಿಗೆ, ಗ್ಯಾಸಿಗಲ್ಲ. ದೀಪ ಈ ಗ್ಯಾಸನ್ನು ತೋರಿಸುವುದಿಲ್ಲ, ಜೊತೆಗೆ ಮೀಥೇನ್ ಇದ್ದರೆ ಸ್ಫೋಟ. 2013ರ ಕಾಯ್ದೆ ಪ್ರಕಾರ ಸುರಕ್ಷಾ ಸಲಕರಣೆ ಇಲ್ಲದೆ ಆಳನ್ನು ಸೆಪ್ಟಿಕ್ ಟ್ಯಾಂಕಿಗೆ, ಒಳಚರಂಡಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಕಂಟ್ರಾಕ್ಟರ್ ಕಡೆ ಬೆರಳು ತೋರಿಸಿ ನೀವು ಪಾರಾಗಬಹುದು ಅಂದುಕೊಳ್ಳಬೇಡಿ. ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಕೊಳಚೆ ಹೀರುವ ಹನಿ ಸಕ್ಕರ್ ಗಾಡಿ ತರಿಸಿ, ಮೇಲಿಂದಲೇ ಪೈಪ್ ಬಿಟ್ಟು ಹೀರಿಸಿ, ನೀರಿನ ಜೆಟ್ ಹೊಡೆಸಿ. ಸ್ವಲ್ಪ ಕೆಸರು ತಳದಲ್ಲಿ ಉಳಿದರೆ ಉಳಿಯಲಿ ಬಿಡಿ.

ಪ್ರಶ್ನೆ: ಅಡಿಕೆ ತೋಟ ಇದೆ. ಕೊಳೆರೋಗದ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರನಿಗೆ ಕನ್ನಡಕ, ಅಂಗಿ ತಂದುಕೊಟ್ಟರೂ ಹಾಕುವುದಿಲ್ಲ. ‘ಬೋರ್ಡೋ ಏನು ವಿಷವಾ ಹೆಗಡೇರೇ, ಮೈಲುತುತ್ತು ಸುಣ್ಣ ಅಷ್ಟೇಯ’ ಅಂತಾನೆ.
— ಶಿರಸಿ ಕಡೆಯ ಬೆಳೆಗಾರರು

ಉತ್ತರ: ಕೀಟನಾಶಕದ ಥರ ಒಂದೇ ದಿನಕ್ಕೆ ಮಲಗಿಸುವಂಥದ್ದಲ್ಲ, ನಿಜ. ಆದರೆ ಪೋರ್ಚುಗಲ್‌ನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದೇ ಬೋರ್ಡೋ ಹೊಡೆದವರ ಶ್ವಾಸಕೋಶ ಹಾಳಾಗಿದ್ದನ್ನು ಅಲ್ಲಿನ ವೈದ್ಯರು 1969ರಲ್ಲೇ ಬರೆದಿದ್ದಾರೆ. ಅಲ್ಲಿ ಬಳ್ಳಿ ಸೊಂಟದೆತ್ತರ. ನಮ್ಮವನು ಅಡಿಕೆ ಗೊನೆಯ ಕೆಳಗೆ ನಿಂತು ಮೇಲಕ್ಕೆ ಹೊಡೆಯುತ್ತಾನೆ, ಅರ್ಧ ಮುಖಕ್ಕೇ ಬೀಳುತ್ತದೆ.

ಎರಡು ಕೆಲಸ ನಿಮ್ಮ ಕೈಯಲ್ಲೇ ಇವೆ. ದ್ರಾವಣ ಮಾಡಿದಾಗ ಕಬ್ಬಿಣದ ಚಾಕು ಅದ್ದಿ ನೋಡ್ತೀರಲ್ಲ, ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ, ಅದನ್ನು ತಪ್ಪಿಸಬೇಡಿ. ಹುಳಿ ಉಳಿದ ದ್ರಾವಣ ಮರಕ್ಕೂ ಸುಡು, ಚರ್ಮಕ್ಕೂ, ಕಣ್ಣಿಗೂ. ಸುಣ್ಣ ಅರಳಿಸುವಾಗ ಮಕ್ಕಳು ಹತ್ತಿರ ಬೇಡ. ಎರಡನೆಯದು, ನೆಲದಲ್ಲೇ ನಿಂತು ಹೊಡೆಯುವ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದ ಕೋಲು. ದುಬಾರಿ, ಒಬ್ಬರಿಗೆ ಭಾರ, ನಾಲ್ಕು ಮನೆಯವರು ಸೇರಿ ತನ್ನಿ. ಬೋರ್ಡೋಗಿಂತ ನನಗೆ ಜಾಸ್ತಿ ಹೆದರಿಕೆ ಇರುವುದು ಜುಲೈ ಮಳೆಯಲ್ಲಿ ಪಾಚಿ ಕಟ್ಟಿದ ಮರ ಹತ್ತುವುದಕ್ಕೆ. ಬೆನ್ನುಮೂಳೆ ಮುರಿದುಕೊಂಡು ಮಂಚ ಹಿಡಿದ ಕೊನೆಗಾರರನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅವನ ಹೆಸರಲ್ಲಿ ಒಂದು ಅಪಘಾತ ವಿಮೆ ಮಾಡಿಸಿ, ಕಂತು ನೀವೇ ಕಟ್ಟಿ.

ಕನ್ನಡಕ ಯಾಕೆ ಹಾಕಲ್ಲ ಅಂತ ಅವನನ್ನೇ ಒಂದು ಸಲ ಕೇಳಿ ನೋಡಿ. ಮಳೆಗಾಲದಲ್ಲಿ ಮಂಜು ಕಟ್ಟಿ ಮರವೇ ಕಾಣುವುದಿಲ್ಲ, ಮರದ ಮೇಲೆ ಕಣ್ಣು ಕಾಣದಿರುವುದು ಕಣ್ಣುರಿಗಿಂತ ಅಪಾಯ. ಅವನ ಲೆಕ್ಕ ಸರಿಯಾಗೇ ಇದೆ. ಪಕ್ಕದಲ್ಲಿ ಗಾಳಿ ಆಡಲು ತೂತಿರುವ ಕನ್ನಡಕ ಸಿಗುತ್ತದೆ, ಅದನ್ನು ತಂದುಕೊಡಿ. ನೆಲದಿಂದ ದೋಟಿ ಹಿಡಿದಾಗ ಅದನ್ನೇ ಹಾಕಿಕೊಳ್ಳುತ್ತಾನೆ.