ಹೆಂಗಸರನ್ನು ದ್ವೇಷಿಸಿ ಕೊಲ್ಲುವುದನ್ನು ಭಯೋತ್ಪಾದನೆ ಅನ್ನಬಹುದಾ?

ಯಾವನೋ ತಲೆಕೆಟ್ಟವನು ಹೆಂಗಸರನ್ನು ಕೊಂದರೆ ಭಯೋತ್ಪಾದನೆ ಅನ್ನುವುದು ಸ್ವಲ್ಪ ಜಾಸ್ತಿ ಆಯ್ತು ಅಲ್ವಾ ಎಂದು ಕೇಳಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಏನಾಯಿತು ನೋಡಿ.

1989ರ ಡಿಸೆಂಬರ್ 6ರ ಸಂಜೆ. ಎಕೋಲ್ ಪಾಲಿಟೆಕ್ನಿಕ್ ಎಂಬ ಇಂಜಿನಿಯರಿಂಗ್ ಕಾಲೇಜಿನ ಕ್ಲಾಸಿಗೆ 25ರ ಹರೆಯದವನೊಬ್ಬ ರೈಫಲ್ ಹಿಡಿದು ಬಂದ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ನಿಲ್ಲಿ ಅಂದ. ಯಾರೂ ಅಲ್ಲಾಡಲಿಲ್ಲ. ತಮಾಷೆ ಅಂದುಕೊಂಡರು. ಸೂರಿಗೆ ಗುಂಡು ಹಾರಿಸಿದ ಮೇಲೆ ಗೊತ್ತಾಯಿತು. ಹುಡುಗರನ್ನೆಲ್ಲ ಆಚೆ ಕಳಿಸಿದ. ಉಳಿದವರು ಒಂಬತ್ತು ಹುಡುಗಿಯರು. (ನಾನೂ ಮೆಕ್ಯಾನಿಕಲ್ ಓದಿದವಳು. ನಮ್ಮ ಕ್ಲಾಸಿನಲ್ಲಿ ಅಷ್ಟೂ ಇರಲಿಲ್ಲ.) ನೀವೆಲ್ಲ ಸ್ತ್ರೀವಾದಿಗಳು, ನನಗೆ ಸ್ತ್ರೀವಾದಿಗಳನ್ನು ಕಂಡರಾಗದು ಅಂದ. ನಾವು ಸುಮ್ನೆ ಇಂಜಿನಿಯರಿಂಗ್ ಓದುತ್ತಿರುವವರು ಎಂದು ಅವರಲ್ಲೊಬ್ಬರಾದ ನಟಾಲಿ ಪ್ರೊವೊ ಹೇಳಿ ನೋಡಿದರು. ಒಂಬತ್ತೂ ಜನರಿಗೆ ಗುಂಡು ಹೊಡೆದ, ಆರು ಜನ ಸತ್ತರು. ನಟಾಲಿ ಬದುಕಿದರು, ಬಂದೂಕು ನಿಯಂತ್ರಣಕ್ಕೆ ವರ್ಷಗಟ್ಟಲೆ ಹೋರಾಡಿದರು, 2025ರಲ್ಲಿ ಸಂಸದೆಯಾದರು. ಅವನು ಕಾರಿಡಾರ್, ಕ್ಯಾಂಟೀನ್ ಎಲ್ಲ ಸುತ್ತಿ ಒಟ್ಟು 14 ಹೆಂಗಸರನ್ನು ಕೊಂದು ತಾನೂ ಗುಂಡಿಟ್ಟುಕೊಂಡ. ಅವನ ಹೆಸರು ಬರೆಯಲು ಮನಸ್ಸಿಲ್ಲ.

ಜೇಬಿನಲ್ಲಿ ಪತ್ರವಿತ್ತು. ಇದು ರಾಜಕೀಯ ಕಾರಣಕ್ಕೆ, ಪೇಪರಿನವರು ನನ್ನನ್ನು ಹುಚ್ಚ ಅನ್ನುತ್ತಾರೆ, ಆದರೆ ನಾನು ಹುಚ್ಚನಲ್ಲ ಎಂದು ಅವನೇ ಬರೆದಿದ್ದ. ಜೊತೆಗೆ 19 ಹೆಂಗಸರ ಪಟ್ಟಿ. ಟೈಮ್ ಸಿಗಲಿಲ್ಲ, ಇಲ್ಲದಿದ್ದರೆ ಇವರನ್ನೂ ಮುಗಿಸುತ್ತಿದ್ದೆ ಅಂತ. ಪೊಲೀಸರು ಪತ್ರ ಹೊರಗೆ ಬಿಡಲಿಲ್ಲ. ಪಟ್ಟಿಯಲ್ಲೇ ಹೆಸರಿದ್ದ ಪತ್ರಕರ್ತೆ ಫ್ರಾನ್ಸಿನ್ ಪೆಲ್ಟಿಯೆ ಕೈಗೆ ಅದು ಗುಟ್ಟಾಗಿ ಬಂದು, 1990ರ ನವೆಂಬರ್‌ನಲ್ಲಿ ಅಚ್ಚಾಯಿತು. ಅಷ್ಟು ಹೊತ್ತಿಗೆ ಊರಿಗೆಲ್ಲ 'ಹುಚ್ಚ' ಅನ್ನುವುದೇ ಬಾಯಿಪಾಠ ಆಗಿತ್ತು. ಅಲ್ಲಿನ ಸ್ಮಾರಕದ ಫಲಕದಲ್ಲೂ 'ದುರಂತ' ಅಂತಷ್ಟೇ ಇತ್ತು. ಇದು ಸ್ತ್ರೀವಾದದ ವಿರುದ್ಧ ನಡೆದ ದಾಳಿ ಎಂದು ಫಲಕ ತಿದ್ದಿದ್ದು 2019ರಲ್ಲಿ, ಮೂವತ್ತು ವರ್ಷದ ಮೇಲೆ!

ಕೊಂದವನೇ ಇದು ರಾಜಕೀಯ ಅಂದರೂ ನಾವು ಯಾಕೆ ಒಪ್ಪುವುದಿಲ್ಲ? ಕೊಲ್ಲುವ ಮುಂಚೆ ಧರ್ಮ ಕೇಳಿ ಜನರನ್ನು ಬೇರೆ ಮಾಡಿದ್ದರೆ ಯಾರೂ ಒಂದು ಕ್ಷಣ ಯೋಚಿಸುತ್ತಿರಲಿಲ್ಲ.

ಕೋರ್ಟುಗಳು ಈಗೀಗ ಒಪ್ಪುತ್ತಿವೆ. 2020ರಲ್ಲಿ ಟೊರೊಂಟೊದ ಮಸಾಜ್ ಪಾರ್ಲರಿನಲ್ಲಿ 17ರ ಹುಡುಗನೊಬ್ಬ ಕತ್ತಿಯಿಂದ ಒಬ್ಬಾಕೆಯನ್ನು ಕೊಂದ. ಹುಡುಗಿಯರು ನಮಗೆ ಒಲಿಯುತ್ತಿಲ್ಲ, ತಪ್ಪು ಅವರದ್ದೇ ಎಂದು ಆನ್‌ಲೈನ್‌ನಲ್ಲಿ ಹಲ್ಲು ಕಡಿಯುವ 'ಇನ್‌ಸೆಲ್' ಗಂಡಸರ ಪೈಕಿ ಅವನು. ಅವನ ಜೇಬಿನಲ್ಲೂ ಒಂದು ಚೀಟಿ ಸಿಕ್ಕಿತು, ಇನ್‌ಸೆಲ್ ದಂಗೆಗೆ ಜೈ ಅಂತ. ಈ ಸಲ ಅದನ್ನು ಯಾರೂ ಬಚ್ಚಿಡಲಿಲ್ಲ. 2023ರಲ್ಲಿ ನ್ಯಾಯಾಧೀಶರು ಇದು ಭಯೋತ್ಪಾದನೆಯೇ ಎಂದು ತೀರ್ಪು ಕೊಟ್ಟರು.