ಆರು ವೋಲ್ಟಿನ ಪಿಕಪ್ಪು, ತೆಳ್ಳನೆ ಕೇಬಲ್ಲು

ಪ್ರಶ್ನೆ: ಸರ್, ನಾನಿರೋದು ಅಮೆರಿಕದ ಟೆಕ್ಸಾಸ್‌ನಲ್ಲಿ. ಹೋದ ವರ್ಷ 1951ರ ಶೆವ್ರೊಲೆ 3100 ಪಿಕಪ್ ಕೊಂಡೆ. ಮೊದಲಿನ ಮಾಲೀಕರು ಪೂರ್ತಿ ಬಿಚ್ಚಿ, ಪೇಂಟ್ ಮಾಡಿಸಿ, ಹೊಸದರ ಹಾಗೆ ಮಾಡಿಟ್ಟಿದ್ದರು. ಬೆಳಿಗ್ಗೆ ಹೇಗೋ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿಸಿ, ಪೆಟ್ರೋಲ್ ಹಾಕಿಸಿ ಮತ್ತೆ ಸ್ಟಾರ್ಟರ್ ತುಳಿದರೆ ಇಂಜಿನ್ ದಣಿದ ಎತ್ತಿನ ಹಾಗೆ ಒಂದೊಂದೇ ಸುತ್ತು ತಿರುಗುತ್ತದೆ. ಬ್ಯಾಟರಿ ಹೊಸದು. ಗ್ಯಾರೇಜಿನವರು ‘ಆರು ವೋಲ್ಟ್ ಅಂದ್ರೆ ಹೀಗೇ, ಹನ್ನೆರಡಕ್ಕೆ ಬದಲಾಯಿಸಿ’ ಅಂತಾರೆ. ಮಾಡಿಸಲಾ?

ಉತ್ತರ: ಈಗಲೇ ಬೇಡ. ಈ ಸರಣಿಯ ಟ್ರಕ್ಕುಗಳು 1947ರಿಂದ 1955ರ ಶುರುವಿನವರೆಗೂ ಆರು ವೋಲ್ಟ್‌ನಲ್ಲೇ ಬಂದವು. ಹಿಮ ಬೀಳುವ ಊರಿನ ರೈತರೂ ಅದೇ ಪೆಡಲ್ ತುಳಿದು ಸ್ಟಾರ್ಟ್ ಮಾಡಿಕೊಂಡು ಹೋಗುತ್ತಿದ್ದರು. ನಿಮ್ಮ ಟೆಕ್ಸಾಸ್ ಬಿಸಿಲಲ್ಲಿ ತಿರುಗಲ್ಲ ಅಂದರೆ ತಪ್ಪು ವೋಲ್ಟಿನದ್ದಲ್ಲ.

ಮೊದಲು ಪ್ರಯಾಣಿಕರ ಕಾಲ ಕೆಳಗಿನ ಮುಚ್ಚಳ ತೆಗೆಯಿರಿ. ಬ್ಯಾಟರಿ ಅಲ್ಲೇ ಇರುತ್ತದೆ. ಅದರಿಂದ ಹೊರಟ ಕೇಬಲ್ ಎಷ್ಟು ದಪ್ಪ ಇದೆ ನೋಡಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 12 ವೋಲ್ಟ್ ಕಾರಿನ ಕೇಬಲ್ ಹಾಕಿದ್ದರೆ ಕಳ್ಳ ಸಿಕ್ಕಿದ ಹಾಗೆ. ಅದು ಸಾಮಾನ್ಯವಾಗಿ 4 ಗೇಜ್ (ಗೇಜ್ ಅಂದರೆ ತಂತಿಯ ದಪ್ಪದ ಅಳತೆ, ಅಂಕಿ ಕಮ್ಮಿಯಾದಷ್ಟೂ ತಂತಿ ದಪ್ಪ), ಒಳಗಿನ ತಾಮ್ರ 5 ಮಿ.ಮೀ. ಚಿಲ್ಲರೆ. ನಿಮ್ಮ ಗಾಡಿಗೆ ಕನಿಷ್ಠ 1 ಗೇಜ್ ಬೇಕು, ಅಂದರೆ 7 ಮಿ.ಮೀ.ಗಿಂತ ಜಾಸ್ತಿ ತಾಮ್ರ. ಎರಡು ಸೊನ್ನೆ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು, 9 ಮಿ.ಮೀ. ದಾಟುತ್ತದೆ. ನೀರಿನ ಟ್ಯಾಂಕ್ ಎತ್ತರದಲ್ಲಿ ಇಲ್ಲದಿದ್ದರೆ ಪೈಪಾದರೂ ದಪ್ಪ ಇರಬೇಕಲ್ವಾ? ಇದೂ ಹಾಗೇ. ಅಷ್ಟೇ ಕೆಲಸಕ್ಕೆ ಆರು ವೋಲ್ಟ್‌ನಲ್ಲಿ ಎರಡರಷ್ಟು ಕರೆಂಟ್ ಹರಿಯಬೇಕು. ಒಂದೇ ಕೇಬಲ್‌ನಲ್ಲಿ ಎರಡರಷ್ಟು ಕರೆಂಟ್ ಹರಿದರೆ ಸುಮ್ನೆ ಶಾಖವಾಗಿ ಹೋಗುವ ಪಾಲು ನಾಲ್ಕು ಪಟ್ಟಾಗುತ್ತದೆ. ಇಂಜಿನ್ ಕಾದಮೇಲೆ ಸ್ಟಾರ್ಟರ್ ಕೂಡ ಕಾದಿರುತ್ತದೆ, ತಂತಿಗಳ ತಡೆ ಇನ್ನಷ್ಟು ಏರುತ್ತದೆ. ಬೆಳಿಗ್ಗೆ ಹೇಗೋ ನಡೆದದ್ದು ಬಂಕ್‌ನಲ್ಲಿ ಕೈ ಕೊಡುವುದು ಅದಕ್ಕೇ.

ಇನ್ನೊಂದು ಅನುಮಾನ ನಿಮ್ಮ ಚೆಂದದ ಪೇಂಟ್ ಮೇಲೆ. ಬಿಚ್ಚಿ ಕಟ್ಟಿದ ಗಾಡಿಗಳಲ್ಲಿ ಇದನ್ನು ತುಂಬಾ ನೋಡಿದ್ದೇನೆ. ಚಾಸಿಗೆ, ಬ್ರಾಕೆಟ್ಟಿಗೆ, ಬೋಲ್ಟ್ ಕೂರುವ ಜಾಗಕ್ಕೂ ಗಟ್ಟಿಯಾಗಿ ಪೇಂಟ್ ಹೊಡೆದಿರುತ್ತಾರೆ. ನೋಡಲು ಕನ್ನಡಿ, ಕರೆಂಟಿಗೆ ಗೋಡೆ. ಇಂಜಿನ್ ಕೂತಿರುವುದು ರಬ್ಬರ್ ಮೇಲೆ, ಹಾಗಾಗಿ ಇಂಜಿನ್ನಿಗೂ ಚಾಸಿಗೂ ನಡುವೆ ಒಂದು ಅರ್ಥಿಂಗ್ ಪಟ್ಟಿ ಇರಲೇಬೇಕು. ಆ ಬೋಲ್ಟ್ ಬಿಚ್ಚಿ, ಒಂದು ರೂಪಾಯಿ ನಾಣ್ಯದಷ್ಟು ಅಗಲ ಪೇಂಟ್ ಕೆರೆದು, ಲೋಹ ಹೊಳೆಯುವಂತೆ ಮಾಡಿ ಮತ್ತೆ ಬಿಗಿಯಿರಿ. ಮೇಲೆ ಸ್ವಲ್ಪ ಗ್ರೀಸ್ ಸವರಿ. ಪೇಂಟ್ ಕೆರೆಯಲು ಹೊಟ್ಟೆ ಉರಿಯುತ್ತದೆ, ಗೊತ್ತು.

ಅಳೆದು ನೋಡಬೇಕಾದರೆ ಮಲ್ಟಿಮೀಟರ್ ಸಾಕು. ಒಂದು ಮೊನೆ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸ್ಟಾರ್ಟರಿಗೆ ಕೇಬಲ್ ಬಂದು ಸೇರುವ ಬೋಲ್ಟಿಗೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಪಾರ್ಕಿಂಗ್ ಬ್ರೇಕ್ ಹಾಕಿರಲಿ. ಯಾಕೆಂದರೆ ಇದರಲ್ಲಿ ಕೀಲಿ ತಿರುಗಿಸದೆಯೂ ಪೆಡಲ್ ತುಳಿದರೆ ಇಂಜಿನ್ ತಿರುಗುತ್ತದೆ. ಗೇರಿನಲ್ಲಿದ್ದರೆ ಗಾಡಿಯೇ ಮುಂದಕ್ಕೆ ನೆಗೆಯುತ್ತದೆ. ಕೀಲಿ ಆಫ್ ಇಟ್ಟು ಒಬ್ಬರು ತುಳಿಯಲಿ, ನೀವು ಮೀಟರ್ ನೋಡಿ. ಕಾಲು ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಆ ದಾರಿಯಲ್ಲೇ ವೋಲ್ಟ್ ಪೋಲಾಗುತ್ತಿದೆ. ಆಮೇಲೆ ಬ್ಯಾಟರಿಯ ಮೈನಸ್ ಕಂಬಕ್ಕೂ ಸ್ಟಾರ್ಟರಿನ ಮೈಗೂ ಹಿಡಿದು ಇದನ್ನೇ ಮಾಡಿ. ಎರಡೂ ಕಡೆ ಸರಿ ಇದ್ದೂ ನಿಧಾನವೇ ಆದರೆ ಆಗ ಸ್ಟಾರ್ಟರ್ ಬಿಚ್ಚಿಸಿ, ಬುಷ್ ಸವೆದಿರಬಹುದು.

ಹನ್ನೆರಡಕ್ಕೆ ಹೋದರೆ ಬಲ್ಬು, ಕಾಯಿಲ್, ಜನರೇಟರ್, ಹಾರ್ನ್, ಹೀಟರ್ ಮೋಟರ್, ಪೆಟ್ರೋಲ್ ಮೀಟರ್ ಎಲ್ಲಕ್ಕೂ ಕೈ ಹಾಕಬೇಕು. ರಾತ್ರಿ ಹೊತ್ತು ಜಾಸ್ತಿ ಓಡಿಸುವವರಾದರೆ ಅದಕ್ಕೊಂದು ಅರ್ಥ ಇದೆ. ಭಾನುವಾರದ ಗಾಡಿಗೆ ಎರಡು ಕೇಬಲ್ ಸಾಕು.

ಪ್ರಶ್ನೆ: ಇದೇ ಗಾಡಿ ಗಂಟೆಗೆ 55 ಮೈಲಿ ದಾಟಿದರೆ ಕಿರುಚುತ್ತದೆ. ಆಯಿಲ್ ಪ್ರೆಶರ್ ಕೂಡ 15ರ ಹತ್ತಿರವೇ ನಿಲ್ಲುತ್ತದೆ. ಇಂಜಿನ್ ಹೋಯ್ತಾ?

ಉತ್ತರ: ಹೋಗಿಲ್ಲ. ಹೈವೇಯಲ್ಲಿ ಹೀಗೇ ಒತ್ತುತ್ತಿದ್ದರೆ ಹೋಗುತ್ತದೆ. 1951ರಲ್ಲಿ ಬಂದದ್ದು 216 ಘನ ಇಂಚಿನ ಆರು ಸಿಲಿಂಡರ್ ಇಂಜಿನ್, 92 ಅಶ್ವಶಕ್ತಿ. ಅದರ ಕನೆಕ್ಟಿಂಗ್ ರಾಡಿನ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸರಳು) ಬೇರಿಂಗಿಗೆ ಆಯಿಲ್ ಈಗಿನ ಇಂಜಿನ್ನಿನ ಹಾಗೆ ಒತ್ತಡದಲ್ಲಿ ಹೋಗುವುದಿಲ್ಲ. ರಾಡಿನ ಬುಡದಲ್ಲಿ ಪುಟ್ಟ ಸೌಟಿನಂಥದ್ದು ಇದೆ, ಅದು ಪ್ರತಿ ಸುತ್ತಿಗೂ ಆಯಿಲ್ ಮೊಗೆದುಕೊಳ್ಳುತ್ತದೆ. ಹಾಗಾಗಿ ಮೀಟರಿನಲ್ಲಿ ಇರುವುದೇ 30ರವರೆಗೆ. ಓಡುವಾಗ 15 ಇದ್ದರೆ ನಿಶ್ಚಿಂತೆಯಿಂದ ಇರಿ. ಆದರೆ 4.11ರ ಗೇರ್ ಅನುಪಾತದ ಹಿಂದಿನ ಆಕ್ಸಲ್‌ನಲ್ಲಿ 60 ಮೈಲಿ ಅಂದರೆ ಇಂಜಿನ್ ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗುತ್ತಿರುತ್ತದೆ. ಗಂಟೆಗಟ್ಟಲೆ ಹಾಗೆ ಓಡಿಸಲು ಮಾಡಿದ ಇಂಜಿನ್ ಅಲ್ಲ ಇದು. ಗದ್ದೆಯಿಂದ ಮಂಡಿಗೆ ಹೋಗಿ ಬರಲು ಮಾಡಿದ್ದು. 45-50ರಲ್ಲಿ, ನಿಮ್ಮ ಕಡೆಯ ‘ಫಾರ್ಮ್ ಟು ಮಾರ್ಕೆಟ್’ ಎಂಬ ಹಳ್ಳಿ ರಸ್ತೆಗಳಲ್ಲಿ ಓಡಿಸಿ.

ಅದಕ್ಕೂ ಮೊದಲು ಬಾನೆಟ್ ಎತ್ತಿ ಒಂದು ವಿಷಯ ನೋಡಿ. ಇಂಜಿನ್ ಪಕ್ಕದ ತಗಡಿನ ಮುಚ್ಚಳ ಮೇಲೆ ಬಂದು ಸ್ಪಾರ್ಕ್ ಪ್ಲಗ್ ಸುತ್ತ ಆವರಿಸಿಕೊಂಡಿದ್ದರೆ ಅದು 216. ಪ್ಲಗ್ಗಿನ ಕೆಳಗೇ ನಿಂತಿದ್ದರೆ ಯಾರೋ ಆಗಲೇ 235 ಘನ ಇಂಚಿನ ಇಂಜಿನ್ ಕೂರಿಸಿದ್ದಾರೆ. 1954ರಿಂದ ಪಿಕಪ್ಪುಗಳಿಗೆ ಬಂದ 235ರಲ್ಲಿ ರಾಡಿಗೂ ಒತ್ತಡದಲ್ಲೇ ಆಯಿಲ್ ಹೋಗುತ್ತದೆ, ಹಾಗಾಗಿ ಈ ಅದಲುಬದಲು ತುಂಬಾ ಮಾಮೂಲಿ. ಹಾಗೇನಾದರೂ ಇದ್ದರೆ ಬಿಸಿ ಇಂಜಿನ್ ಓಡುವಾಗ 15 ಕಮ್ಮಿಯೇ ಆಯಿತು, ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ಹಿಂಬದಿಯ ತಳಕ್ಕೆ ಓಕ್ ಹಲಗೆ ಹಾಕಿ ವಾರ್ನಿಷ್ ಹೊಡೆದಿದ್ದಾರೆ. ಬಿಸಿಲಿಗೆ ಸಿಪ್ಪೆ ಏಳುತ್ತಿದೆ. ಏನು ಮಾಡಲಿ?

ಉತ್ತರ: ಫ್ಯಾಕ್ಟರಿಯಿಂದ ಬಂದಾಗ ಇದ್ದದ್ದು ಪೈನ್ ಹಲಗೆ, ಮೂಟೆ ಎಸೆಯೋಕೆ. ಓಕ್ ಬಂದದ್ದು ಶೋಗಾಗಿ. ಇರಲಿ ಬಿಡಿ, ಚೆನ್ನಾಗೇ ಕಾಣುತ್ತದೆ. ವಾರ್ನಿಷ್ ಪೂರ್ತಿ ಉಜ್ಜಿ ತೆಗೆದು, ಮರ ಕುಡಿಯುವ ಎಣ್ಣೆ ಹಚ್ಚಿ. ಅದು ಸಿಪ್ಪೆ ಏಳುವುದಿಲ್ಲ, ಮಾಸಿದಾಗ ಮತ್ತೆ ಒಂದು ಕೈ ಸವರಿದರಾಯಿತು. ಹಲಗೆಗಳ ನಡುವಿನ ಸ್ಟೀಲ್ ಪಟ್ಟಿ ಬಿಚ್ಚಿದಾಗ ಕೆಳಗಿನ ಸಂದಿಗೂ ಎಣ್ಣೆ ಹೋಗಲಿ, ಮಳೆ ನೀರು ನಿಲ್ಲುವುದು ಅಲ್ಲೇ.