ಬೆಳ್ಳಕ್ಕಿಯ ಹೆಸರು ಹೇಳುವ ಮೊದಲು ಅದರ ಬಾಯಿ, ಕಾಲು ತೋರಿಸಿ

ಪ್ರಶ್ನೆ: ಬೆಳಗಾವಿಯ ಕೋಟೆ ಕೆರೆಯಲ್ಲಿ ತೆಗೆದ ಬಿಳಿ ಹಕ್ಕಿಯ ಚಿತ್ರ ಕಳುಹಿಸಿದ್ದೇನೆ. ಮೊಬೈಲ್ ಆ್ಯಪ್ ಒಮ್ಮೆ ಮಧ್ಯಮ ಬೆಳ್ಳಕ್ಕಿ ಎನ್ನುತ್ತದೆ, ಒಮ್ಮೆ ದೊಡ್ಡ ಬೆಳ್ಳಕ್ಕಿ ಎನ್ನುತ್ತದೆ. ಯಾವುದು ಸರಿ?

ಉತ್ತರ: ಇದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ ಮತ್ತು ಪ್ರತಿ ಸಲವೂ ಚಿತ್ರದಲ್ಲಿ ಅದೇ ಎರಡು ಕೊರತೆಗಳಿರುತ್ತವೆ: ಕಾಲು ಚೌಕಟ್ಟಿನಿಂದ ಹೊರಗುಳಿದಿರುತ್ತದೆ, ಮುಖ ಸುಣ್ಣ ಬಳಿದ ಗೋಡೆಯಂತೆ ಬರೀ ಬಿಳುಪಾಗಿರುತ್ತದೆ. ಇಂತಹ ಚಿತ್ರ ನೋಡಿ ಆ್ಯಪ್ ಊಹಿಸಬಹುದು, ನಾನು ಊಹಿಸುವುದಿಲ್ಲ.

ನೋಡಬೇಕಾದದ್ದು ಬಾಯಿಯ ಸೀಳನ್ನು. ಕೊಕ್ಕಿನ ಬುಡದಿಂದ ಹಿಂದಕ್ಕೆ ಸಾಗುವ ಆ ಸಣ್ಣ ಗೆರೆ ಕಣ್ಣಿನ ಕೆಳಗೇ ನಿಂತರೆ ಅದು ಮಧ್ಯಮ ಬೆಳ್ಳಕ್ಕಿ. ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿದ್ದರೆ ದೊಡ್ಡ ಬೆಳ್ಳಕ್ಕಿ. ಕೊಕ್ಕಿನ ಬಣ್ಣವನ್ನೇ ನೆಚ್ಚುವವರು ಮೋಸಹೋಗುತ್ತಾರೆ, ಏಕೆಂದರೆ ಬೇರೆ ದಿನಗಳಲ್ಲಿ ಹಳದಿಯಾಗಿರುವ ಇವೆರಡರ ಕೊಕ್ಕೂ ಮರಿ ಮಾಡುವ ಕಾಲದಲ್ಲಿ ಕಪ್ಪಾಗುತ್ತದೆ, ಆಗ ಜನ ಅವನ್ನು ಕಪ್ಪು ಕೊಕ್ಕಿನ ಚಿಕ್ಕ ಬೆಳ್ಳಕ್ಕಿ ಎಂದು ಬರೆದುಬಿಡುತ್ತಾರೆ. ಚಿಕ್ಕ ಬೆಳ್ಳಕ್ಕಿಯ ಗುರುತು ಕಪ್ಪು ಕಾಲಿನ ತುದಿಯ ಹಳದಿ ಬೆರಳುಗಳು. ಕೆಸರಿನಲ್ಲಿ ನಿಂತಾಗ ಅವು ಕಾಣುವುದಿಲ್ಲವಾದ್ದರಿಂದ ಹಕ್ಕಿ ಹೆಜ್ಜೆ ಎತ್ತುವವರೆಗೆ ಕಾಯಬೇಕು; ಕಲ್ಲೆಸೆದು ಹಾರಿಸುವವರ ಪತ್ರಕ್ಕೆ ನಾನು ಉತ್ತರಿಸುವುದಿಲ್ಲ.

ಮುಖದ ಗೆರೆ ಅಳಿಸಿಹೋಗುವುದಕ್ಕೆ ಕಾರಣ ಕೆರೆಯ ಕಪ್ಪು ನೀರು. ಚೌಕಟ್ಟಿನ ಬಹುಭಾಗ ಕತ್ತಲೆಯಾಗಿರುವುದನ್ನು ಕಂಡ ಕ್ಯಾಮೆರಾ ಬೆಳಕನ್ನು ಏರಿಸುತ್ತದೆ, ಅದರ ಹೊಡೆತ ಬೀಳುವುದು ಬಿಳಿ ಗರಿಗಳ ಮೇಲೆ. ಚಿತ್ರದ ಬೆಳಕನ್ನು ನಾವೇ ಏರಿಸಿ ಇಳಿಸುವ ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು ಮೈನಸ್ 1ರ ಆಸುಪಾಸಿಗೆ ಇಳಿಸಿ, ಬೆಳಕು ಅತಿಯಾಗಿ ವಿವರ ಅಳಿದ ಜಾಗವನ್ನು ತೋರಿಸುವ ಹೈಲೈಟ್ ಎಚ್ಚರಿಕೆ ಪರದೆಯಲ್ಲಿ ಮಿನುಗುವುದು ನಿಂತಿತೇ ಎಂದು ನೋಡಿಕೊಳ್ಳಿ. ಅದೇ ಹಕ್ಕಿ ಬೆಳ್ಳನೆಯ ಮೋಡದ ಎದುರು ಹಾರಿದರೆ ಲೆಕ್ಕ ತಿರುಗುಮುರುಗಾಗುತ್ತದೆ, ಆಗ ಪ್ಲಸ್ ಕಡೆಗೆ ಹೋಗಬೇಕು. ನಡುಹಗಲಿನ ಬಿಸಿಲಿನಲ್ಲಿ ಈ ಶ್ರಮ ಬಹುಮಟ್ಟಿಗೆ ವ್ಯರ್ಥ. ಬೆಳಗಿನ ಓರೆಬಿಸಿಲಿಗೆ ಬನ್ನಿ. ಸುಟ್ಟುಹೋದ ಬಿಳುಪಿಗೆ ಚಿತ್ರ ತಿದ್ದುವ ಆ್ಯಪ್‌ಗಳು ತಾವೇ ಗರಿ ಬಿಡಿಸಿ ಕೊಡುತ್ತವೆ. ಅದು ಹಕ್ಕಿಯ ಗರಿಯಲ್ಲ, ಅದರಿಂದ ಗುರುತು ಹಿಡಿಯಲು ನನ್ನನ್ನು ಕೇಳಬೇಡಿ.

ಪ್ರಶ್ನೆ: ತಲೆ, ಕುತ್ತಿಗೆ ಕಿತ್ತಳೆ ಬಣ್ಣವಾಗಿರುವ ಬೆಳ್ಳಕ್ಕಿ ಕಂಡೆ. ಯಾರಾದರೂ ಹೋಳಿಯ ಬಣ್ಣ ಎರಚಿರಬಹುದೇ?

ಉತ್ತರ: ಇಲ್ಲ. ಅದು ಗೋವಕ್ಕಿ, ಆ ಬಣ್ಣ ಮರಿ ಮಾಡುವ ಕಾಲದ ಗರಿಯದ್ದು.

ಪ್ರಶ್ನೆ: ಬೆಳ್ಳಕ್ಕಿಯ ಕೊಬ್ಬು ಮೊಣಕಾಲು ನೋವಿಗೆ ಮದ್ದು ಎಂದು ಸಂತೆಯಲ್ಲಿ ಒಬ್ಬರು ಹೇಳಿದರು. ನಿಜವೇ?

ಉತ್ತರ: ಶುದ್ಧ ಸುಳ್ಳು. ಬೆಳ್ಳಕ್ಕಿಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮಾರುವವರ ವಿಷಯವನ್ನು ಅರಣ್ಯ ಇಲಾಖೆಗೆ ತಿಳಿಸಿ, ಮೊಣಕಾಲನ್ನು ಮೂಳೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಗೂಡಿನಲ್ಲಿರುವ ಮರಿಗಳ ಚಿತ್ರಕ್ಕೆ ಎಷ್ಟು ಹತ್ತಿರ ಹೋಗಬಹುದು?

ಉತ್ತರ: ಹೋಗಲೇಬೇಡಿ. ನಿಮಗೆ ಹೆದರಿ ತಾಯಿಹಕ್ಕಿ ಎದ್ದ ಅಷ್ಟು ಹೊತ್ತು ಕಾಗೆಗೆ ಸಾಕು.